ಕಫದ ಡಬ್ಬಿಯ ನಾಗರತ್ನಕ್ಕ

ಅಕ್ಷರ ಸೊಟ್ಟಗಿವೆ, ಮಾತು ಜೋಡಿಸಲೂ ಬರುವುದಿಲ್ಲ. ಕ್ಷಯ ಬಂದು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳ ಬರಹವೆಂದು ಓದುವವರು ಸಹಿಸಿಕೊಳ್ಳಬೇಕು. ಮಾಮೂಲಿ ಔಷಧಿಗೆ ಬಗ್ಗದ ಕ್ಷಯ ಇಂಜೆಕ್ಷನ್ ಇಲ್ಲದೆ ಬರೀ ಹೊಸ ಗುಳಿಗೆಗಳಿಂದ ವಾಸಿಯಾಗುತ್ತದೆಯೇ ಎಂದು ನೋಡುವ ಸಂಶೋಧನೆಗಾಗಿ ನಾಗರತ್ನಕ್ಕ ಗೋಕಾಕದಿಂದ ಮೂಡಲಗಿ, ಹುಕ್ಕೇರಿಯವರೆಗೂ ರೋಗಿಗಳ ಕಫ ಸಂಗ್ರಹಿಸುತ್ತ ಸ್ಕೂಟಿಯಲ್ಲಿ ತಿರುಗುತ್ತಾಳೆ. ಆ ಸ್ಕೂಟಿಯ ಸದ್ದಿಗೆ ನಮ್ಮೂರು ಕಲ್ಲೋಳಿಯ ನಾಯಿಗಳೂ ಕೆಮ್ಮುತ್ತವೆ ಎಂದು ಜನ ನಗುತ್ತಾರೆ. ಡಬ್ಬಿಯನ್ನು ಬೆಳಕಿಗೆ ಹಿಡಿದಳೆಂದರೆ ಅವಳಿಗೆ ಎಲ್ಲ ತಿಳಿಯುತ್ತದೆ. “ದುಂಡಪ್ಪ ಕಾಕಾ, ಇದು ಬರೇ ಉಗುಳ್ರಿ. ನನಗ ಎದಿಯಾಗಿನ ಕಫಾ ಬೇಕ್ರಿ.” “ಇದ್ದದ್ದ ಕೊಟ್ಟೇನವಾ. ಇನ್ನ ಸಂತ್ಯಾಗ ತಂದು ಕೊಡ್ಲೇನು?” ಕಾಕಾ ಕೆಮ್ಮುವವರೆಗೆ ಅವಳು ಕಟ್ಟೆಯಿಂದ ಏಳುವುದಿಲ್ಲ. ಹೊರಡುವಾಗ ಎಲ್ಲರಿಗೂ ಒಂದೇ ಪ್ರಶ್ನೆ: “ಗುಳಿಗಿಯಿಂದ ಏನರ ತ್ರಾಸ ಐತೇನು?” ಉತ್ತರಕ್ಕೆ ಯಾವಾಗಲೂ ಬಲಗಿವಿಯನ್ನೇ ಮುಂದೆ ಮಾಡುತ್ತಾಳೆ. ಅದನ್ನು ನಾನು ಜಂಬವೆಂದುಕೊಂಡಿದ್ದೆ. ಮೊನ್ನೆ ತಾನೇ ಹೇಳಿದಳು: ಅವಳಿಗೂ ಇದೇ ರೋಗವಿತ್ತು, ಆಗ ಎಂಟು ತಿಂಗಳು ದಿನವೂ ಇಂಜೆಕ್ಷನ್. ಅದರಿಂದ ಕಿವಿ ಗುಂಯ್ ಎನ್ನುವುದನ್ನು ನಾಚಿಕೊಂಡು ಯಾರಿಗೂ ಹೇಳಲಿಲ್ಲ; ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಯಿತು. “ನಾ ಬಾಯಿ ಬಿಡಲಿಲ್ಲವಾ. ನೀವು ಹೇಳಿದ್ದೆಲ್ಲಾ ಬರಕೊಂಡ್ರ ಮುಂದಿನವರ ಔಷಧಿ ಸುಧಾರಸ್ತೈತಿ.” ಅರ್ಧ ಕಿವಿಯಲ್ಲಿ ಮೂರು ತಾಲೂಕಿನ ನೋವು ಕೇಳುವವಳನ್ನು ನಾನು ನೋಡುತ್ತಲೇ ಕುಳಿತೆ. ನಾನೂ ಅದೇ ಹೊಸ ಗುಳಿಗೆ ನುಂಗುವವಳು; ಮೂರು ವಾರದಿಂದ ನನ್ನ ಪಾದಗಳು ಜೋಮು ಹಿಡಿಯುತ್ತಿವೆ. ಹೇಳಿದರೆ ಗುಳಿಗೆ ನಿಲ್ಲಿಸಿಬಿಟ್ಟಾರೆಂದು ಹೆದರಿ ‘ಏನಿಲ್ಲ’ ಎನ್ನುತ್ತ ಬಂದಿದ್ದೇನೆ. ನಾಳೆ ಅಕ್ಕ ಬಂದಾಗ ಹೇಳುತ್ತೇನೆ.