ನಾನು ಬರೆದುಕೊಟ್ಟ ಹೇಳಿಕೆ

ತೆಲುಗು ನಾಡಿನ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ನಾನು ತರಬೇತಿಯಲ್ಲಿದ್ದ ಇಂಜಿನಿಯರ್. ಸಹಪಾಠಿಗಳು ಒಬ್ಬೊಬ್ಬರಾಗಿ ಮಾಧಾಪುರದ ಸಾಫ್ಟ್‌ವೇರ್ ಕಂಪನಿಗಳನ್ನು ಸೇರುತ್ತಿದ್ದ ಕಾಲವದು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗನಾದ ನನಗೆ, ಸಹಿ ಹಾಕುವ ಅಧಿಕಾರವೇ ದೊಡ್ಡದಾಗಿ ಕಾಣುತ್ತಿತ್ತು.

ದುರಸ್ತಿಗೆಂದು ಪಂಪನ್ನು ಬಿಚ್ಚುವ ಮೊದಲು, ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ ಬರೆಯಬೇಕು. ಬರೆಯುವವನು ಸ್ವತಃ ಹೋಗಿ, ಪೈಪು ಖಾಲಿಯಾಗಿದೆಯೆಂದು ಕಣ್ಣಾರೆ ಕಂಡು ಸಹಿ ಹಾಕಬೇಕೆಂಬುದು ನಿಯಮ. ಅಂದು ಮಧ್ಯಾಹ್ನ ನನಗೂ ಒಂದು ಸಂದರ್ಶನವಿತ್ತು. ಇಸ್ತ್ರಿ ಮಾಡಿದ ಅಂಗಿಗೆ ಕಲೆಯಾದೀತೆಂದು ಹೆದರಿ, ಕುಳಿತಲ್ಲಿಯೇ ‘ಖಾಲಿ’ ಎಂದು ಬರೆದು ಸಹಿ ಹಾಕಿದೆ.

ಪರ್ಮಿಟ್ ಪಡೆದವರು ಬೀದರ್ ಕಡೆಯ ಫಿಟ್ಟರ್ ಒಬ್ಬರು. ಗುತ್ತಿಗೆಯ ಕೆಲಸಗಾರರು, ನನ್ನ ತಂದೆಯ ವಯಸ್ಸಿನವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

“ಒಮ್ಮೆ ಡ್ರೈನ್ ತೆಗೆದು ನೋಡೂಣೇನು?” ಎಂದು ಜೊತೆಯವನು ಕೇಳಿದನಂತೆ.

“ನಮ್ಮ ಸಾಹೇಬ್ರು ಸಹಿ ಮಾಡ್ಯಾರ. ಅವರಿಗಿಂತ ನೀ ಭಾಳ ಓದೀಯೇನಲೇ?” ಎಂದು ಕಾಕಾ ನಕ್ಕರಂತೆ.

ಬೋಲ್ಟು ಸಡಿಲಿಸಿದೊಡನೆ ಒಳಗೆ ಉಳಿದಿದ್ದ ಕಾಸ್ಟಿಕ್ ಸೋಡಾ ಅವರ ಎರಡೂ ತೋಳುಗಳಿಗೆ ಚಿಮ್ಮಿತು. ನಾನು ಓಡಿಬಂದಾಗ ಅವರು ಶವರಿನಿಂದ ಸುರಿಯುವ ನೀರಿನ ಕೆಳಗೆ ನಿಂತಿದ್ದರು. ಚರ್ಮ ನೆನೆದ ಸಾಬೂನಿನಂತೆ ಜಾರುತ್ತಿತ್ತು.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ನಾನು ಸಂದರ್ಶನಕ್ಕೆ ಹೋದೆ. ಆಯ್ಕೆಯಾಗಲಿಲ್ಲ. ಇನ್ನು ಕಾರ್ಖಾನೆಯ ಕೆಲಸವೊಂದೇ ನನಗಿದ್ದ ಆಧಾರ.

ಮರುದಿನ, ಕನ್ನಡ ಬಲ್ಲವನೆಂದು, ಅವರ ಹೇಳಿಕೆ ಬರೆದುಕೊಳ್ಳಲು ಮೇಲಧಿಕಾರಿಗಳು ನನ್ನನ್ನೇ ಆಸ್ಪತ್ರೆಗೆ ಕಳುಹಿಸಿದರು. ನಾನು ಇಂಗ್ಲಿಷಿನಲ್ಲಿ ಬರೆದೆ: ಪರ್ಮಿಟ್ ಕೊಟ್ಟಿದ್ದ ಪಂಪನ್ನು ಬಿಟ್ಟು, ತಪ್ಪಿ ಪಕ್ಕದ್ದನ್ನು ಬಿಚ್ಚಿದೆನೆಂದು ಅವರೇ ಒಪ್ಪಿಕೊಂಡಂತೆ.

“ಏನ್ ಬರದ್ರಿ? ಒಮ್ಮೆ ಓದಿ ಹೇಳ್ರಿ ಸಾಹೇಬ್ರ.”

“ಆಕಸ್ಮಿಕವಾಗಿ ಆದದ್ದು, ಯಾರ ತಪ್ಪೂ ಇಲ್ಲ ಎಂದು ಬರೆದಿದ್ದೇನೆ, ಕಾಕಾ.”

“ಹಾಂ, ಅಷ್ಟ ಸಾಕ್ರಿ. ನಿಮಗ ತ್ರಾಸ ಆಗಬಾರದು ನೋಡ್ರಿ. ನೀವಿನ್ನಾ ಹೊಸಬ್ರು.”

ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳನ್ನು ನಾನೇ ಹಿಡಿದು, ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿಸಿದೆ.

ಗಾಯ ಮಾಯುವ ಮೊದಲೇ ಗುತ್ತಿಗೆದಾರನು ಅವರನ್ನು ಕೆಲಸದಿಂದ ತೆಗೆದನು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಅವರು ನನಗಾಗಿ ಕಾಯುತ್ತಿದ್ದರು.

“ಯಾರೋ ನನ್ನ ಮ್ಯಾಲ ಸುಳ್ಳು ಬರದಾರಂತ್ರಿ. ದೊಡ್ಡ ಸಾಹೇಬ್ರಿಗೆ ನೀವ ಒಂದ್ ಅರ್ಜಿ ಬರದು ಕೊಡ್ರಿ. ನನಗ ಬ್ಯಾರೆ ಯಾರ್ ಅದಾರ ಇಲ್ಲಿ?”

ಬರೆದುಕೊಟ್ಟೆ. ವ್ಯಾಕರಣ ತಪ್ಪದಂತೆ, ಎರಡು ಬಾರಿ ತಿದ್ದಿ, ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅದರಲ್ಲಿಯೂ ನನ್ನ ಸಹಿಯ ವಿಷಯ ಬರೆಯಲಿಲ್ಲ.