ಇಳಿಜಾರಿನ ಹರಕೆ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮ ಪಕ್ಕದ ಮನೆಯ ಪೋಸ್ಟ್‌ಮ್ಯಾನ್‌ಗೆ ಸೈಕಲ್ ಎಂದರೆ ಪ್ರಾಣ. ಮೆಲ್ಲಗೆ ಹೋಗಿ ಎಂದರೆ, "ಬೆಲ್ ಇದೆಯಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಸಂಪಾಜೆಯ ಇಳಿಜಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡಾಗಲೂ, "ಬೆಲ್ ಹೊಡೆದಿದ್ದೆ, ಚರಂಡಿಗೆ ಕೇಳಿಸಲಿಲ್ಲ" ಎಂದು ನೋಡಲು ಬಂದವರನ್ನೆಲ್ಲ ನಗಿಸಿದರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಕಾಲು ಸರಿಯಾದರೆ ಇವರನ್ನು ಮತ್ತೆ ಸೈಕಲ್ ಹತ್ತಲು ಬಿಡುವುದಿಲ್ಲವೆಂದು ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರು.

ಮೂರು ತಿಂಗಳಿಗೆ ಕಾಲು ಕೂಡಿತು. ಹರಕೆ ಒಪ್ಪಿಸಲು ಹೊರಟ ದಿನ ಪೋಸ್ಟ್‌ಮ್ಯಾನ್ ಸೈಕಲ್ ಒರೆಸಿ, ಸಪ್ಪೆ ಮುಖ ಮಾಡಿಕೊಂಡು ಗೋಡೆಗೆ ಒರಗಿಸಿದರು. ಆ ಮುಖ ನೋಡಲಾರದೆ ಹೆಂಡತಿ, "ನಾನು ದೇವರಿಗೆ ಹೇಳಿದ್ದು ಇಳಿಜಾರಿನ ಮಾತು. ಸಮ ದಾರೀಲಿ ತುಳೀಬಹುದು" ಎಂದರು. ನನ್ನಮ್ಮ ಕೇಳಿಸಿಕೊಂಡಿದ್ದ ಹರಕೆ ಅದಲ್ಲ. ಆದರೂ ಅಮ್ಮ ಸುಮ್ಮನಿದ್ದರು.

"ಹಾಗಾದ್ರೆ ಹಿಂದೆ ಕೂತ್ಕೊ" ಎಂದರು ಪೋಸ್ಟ್‌ಮ್ಯಾನ್.

ಹೆಂಡತಿ ನಾಚುತ್ತಲೇ ಕ್ಯಾರಿಯರ್ ಹತ್ತಿದರು. ರಸ್ತೆಯ ತಿರುವಿನವರೆಗೂ ಇಬ್ಬರ ನಗು ನಮಗೆ ಕೇಳುತ್ತಿತ್ತು.