ಸಾಂತಾಕ್ರೂಜ್‌ನಲ್ಲಿ ಕೇಳಿದ ನೇಪಾಳದ ಸಂಸತ್ತಿನ ಕಥೆ

ವಿಮಾನ ನಮ್ಮ ಮೇಲೇ ಬೀಳುತ್ತಿದೆ ಎಂದುಕೊಂಡು ನಾನು ಹೊರಗೆ ಓಡಿಬಂದೆ. ಮುಂಬಯಿಗೆ ಬಂದ ಎರಡನೆಯ ದಿನ, ಬೆಳಿಗ್ಗೆ ಎಂಟರ ಸುಮಾರಿಗೆ. ಕಿಟಕಿಯ ಗಾಜು ಗಡಗಡ ನಡುಗಿತು, ಕಪಾಟಿನ ಅಂಚಿನಲ್ಲಿಟ್ಟಿದ್ದ ಲೋಟ ಜರುಗಿ ಕೆಳಗುರುಳಿತು. ಕಂಪೌಂಡಿಗೆ ಬಂದು ನೋಡಿದರೆ ತಲೆಯ ಮೇಲೆಯೇ ವಿಮಾನದ ಹೊಟ್ಟೆ, ಅದರ ಗಾಲಿಗಳು. ಗದಗಿನಲ್ಲಿ ವಿಮಾನವೆಂದರೆ ಮಕ್ಕಳು ಬೆರಳು ಮಾಡಿ ತೋರಿಸುವ ಬಿಳಿಯ ಚುಕ್ಕೆ. ಅದಕ್ಕೆ ಗಾಲಿ ಇರುತ್ತದೆಂಬುದೇ ನನಗೆ ನೆನಪಿರಲಿಲ್ಲ.

ಕೈಯಲ್ಲಿ ಬಾಚಣಿಗೆ, ಬಿಚ್ಚಿದ ಕೂದಲು, ಹಾಗೇ ನಿಂತುಬಿಟ್ಟಿದ್ದೆ. ಹಾಲಿನ ಬಾಟಲಿ ಹಿಡಿದು ಹೋಗುತ್ತಿದ್ದ ಹೆಂಗಸರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಗೇಟಿನ ಸ್ಟೂಲ್ ಮೇಲಿದ್ದ ಕಾವಲುಗಾರರು ಮಾತ್ರ ಎದ್ದು ಬಂದರು.

"ಗಿರೇಗಾ ನಹೀಂ, ದೀದಿ," ಎಂದರು. ಬೀಳುವುದಿಲ್ಲ, ಅಕ್ಕಾ. "ಮೊದಲ ವಾರ ನಾನೂ ಹೀಗೇ ಓಡಿದ್ದೆ."

ಆ ದಿನ ಮುಂಬಯಿಯಲ್ಲಿ ನನ್ನೊಡನೆ ಮಾತಾಡಿದವರು ಅವರೊಬ್ಬರೇ.

ಅದು ತುರ್ತು ಪರಿಸ್ಥಿತಿಯ ಕೊನೆಯ ತಿಂಗಳುಗಳು. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ನನಗೆ ಆಪರೇಟರ್ ಕೆಲಸ ಸಿಕ್ಕಿತ್ತು. ಊರಿಂದೂರಿಗೆ ಫೋನ್ ಮಾಡುವವರಿಗೆ ಕೈಯಿಂದಲೇ ಲೈನ್ ಜೋಡಿಸಿಕೊಡುವ ಕೆಲಸ. ವಾಸಕ್ಕೆ ಸಾಂತಾಕ್ರೂಜ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ, ಉಡುಪಿ ಕಡೆಯ ಕಾಮತ್ ಬಾಯಿ ಎಂಬ ವಿಧವೆಯ ಮನೆಯ ಒಂದು ಕೋಣೆ. ಇಲ್ಲಿ ಇದಕ್ಕೆ ಪೇಯಿಂಗ್ ಗೆಸ್ಟ್ ಎನ್ನುತ್ತಾರೆ: ಬಾಡಿಗೆಯವಳೂ ಅಲ್ಲ, ನೆಂಟಳೂ ಅಲ್ಲ. ಗದಗಿನಲ್ಲಿ ಹಾಲಿನವಳಿಂದ ಹಿಡಿದು ಗುಡಿಯ ಅಯ್ಯನವರ ತನಕ ಎಲ್ಲರಿಗೂ ನಾನು ಶಕ್ಕೂ. ಇಲ್ಲಿ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತರೆ ನಾನೊಂದು ನಂಬರು, ಮನೆಗೆ ಬಂದರೆ ‘ಕಾಮತ್ ಬಾಯಿಯ ಪೀಜಿ’. ಹುಬ್ಬಳ್ಳಿಯ ಲೈನ್ ಸಿಕ್ಕಾಗ ಆ ಕಡೆಯ ಆಪರೇಟರ್ "ಹುಬ್ಬಳ್ಳಿ, ಹೇಳ್ರಿ" ಎನ್ನುತ್ತಿದ್ದಳು. ಅಷ್ಟೇ. ಆ ಎರಡು ಮಾತಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಕಾಮತ್ ಬಾಯಿ ಕೆಟ್ಟವರಲ್ಲ. ಆದರೆ ಅವರ ಕನ್ನಡ ಬೇರೆ, ನನ್ನದು ಬೇರೆ. "ನೀನು ಎಂತ ಬೈದ ಹಾಗೆ ಮಾತಾಡುವುದು ಮಾರಾಯ್ತಿ?" ಎಂದು ಕೇಳುತ್ತಿದ್ದರು. ಅವರ ಒಲೆಯ ಮೇಲೆ ಬಂಗಡೆ ಮೀನು ಕುದಿಯುವಾಗ ನಾನು ನನ್ನ ತಟ್ಟೆ ಹಿಡಿದು ಹೊರಗಿನ ಮೆಟ್ಟಿಲಿಗೆ ಬರುತ್ತಿದ್ದೆ. ಅಲ್ಲಿಂದ ಗೇಟು ನಾಲ್ಕು ಹೆಜ್ಜೆ. ಕಾವಲುಗಾರರು ಹಿತ್ತಾಳೆಯ ತಟ್ಟೆಯಲ್ಲಿ ಊಟ ಮಾಡುತ್ತ ಕೂತಿರುತ್ತಿದ್ದರು. ಒಮ್ಮೊಮ್ಮೆ ಹಿಟ್ಟು ಕುದಿಸಿ ಗಟ್ಟಿ ಮಾಡಿದ ಢಿಂಡೋ ಎಂಬುದು, ನಮ್ಮ ಜೋಳದ ಸಂಗಟಿಯಂಥದೇ. ಅದನ್ನು ಬೆರಳಲ್ಲಿ ಮುರಿದು ಸಾರಿಗೆ ಅದ್ದುವ ರೀತಿ ನೋಡಿ ನನಗೆ ಅವ್ವನ ಕೈ ನೆನಪಾಯಿತು.

ಸೊಸೈಟಿಯವರೆಲ್ಲ ಅವರನ್ನು ಬಹಾದೂರ್ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದಾಗ ಅವರು ನಕ್ಕು, "ಅದು ನನ್ನ ಹೆಸರಲ್ಲ ದೀದಿ. ಕಾವಲಿಗೆ ಕೂತ ನೇಪಾಳಿಗಳೆಲ್ಲ ಇವರಿಗೆ ಬಹಾದೂರ್. ನಾನು ಟೀಕಾರಾಮ್," ಎಂದರು. ಅಂದಿನಿಂದ ನಾನು ಅವರನ್ನು ಟೀಕಾ ಭಯ್ಯಾ ಎನ್ನತೊಡಗಿದೆ.

ಎಪ್ಪತ್ತೇಳರ ಚುನಾವಣೆಯ ದಿನ ನನಗೆ ರಜೆ. ಎದುರಿನ ಶಾಲೆಯ ಮುಂದೆ ಬೆಳಿಗ್ಗೆಯಿಂದಲೇ ಸಾಲು. ಅಷ್ಟು ದಿನ ಪಿಸುಮಾತಿನಲ್ಲಿದ್ದ ಜನ ಅವತ್ತು ಗಟ್ಟಿಯಾಗಿ ಮಾತಾಡುತ್ತಿದ್ದರು. ಟೀಕಾ ಭಯ್ಯಾ ಗೇಟು ಬಿಟ್ಟು ರಸ್ತೆಯ ಅಂಚಿಗೆ ಹೋಗಿ ಆ ಸಾಲನ್ನೇ ನೋಡುತ್ತ ನಿಂತಿದ್ದರು.

"ನೀವು ಹೋಗೋದಿಲ್ವಾ?" ಎಂದು ಕೇಳಿದರು.

"ನನ್ನ ಹೆಸರು ಗದಗಿನ ಪಟ್ಟಿಯಲ್ಲಿದೆ. ಇಲ್ಲಿಲ್ಲ."

"ನನ್ನದು ಎಲ್ಲೂ ಇಲ್ಲ," ಎಂದರು.

ಅವತ್ತು ನಾವಿಬ್ಬರೂ ಬಹಳ ಹೊತ್ತು ಅಲ್ಲೇ ನಿಂತೆವು. ಅಲ್ಲಿಯೇ ಅವರು ತಮ್ಮ ಸಂಸತ್ತಿನ ಕಥೆ ಹೇಳಿದ್ದು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತಿದ್ದೇನೆ.

ನೇಪಾಳದಲ್ಲಿ ರಾಜನಿದ್ದರೂ ನೂರು ವರ್ಷ ಆಳಿದವರು ರಾಣಾಗಳು. ಪ್ರಧಾನಿ ಪದವಿ ಅವರ ಮನೆತನದ ಆಸ್ತಿ. ರಾಜ ಅರಮನೆಯೊಳಗಿನ ಕೈದಿಯಂತೆ. ಟೀಕಾ ಭಯ್ಯಾ ಹುಡುಗನಾಗಿದ್ದಾಗ ಜನ ಬಂದೂಕು ಹಿಡಿದು ರಾಣಾಗಳ ಮೇಲೆ ತಿರುಗಿಬಿದ್ದರು. ರಾಜ ತಪ್ಪಿಸಿಕೊಂಡು ದಿಲ್ಲಿಗೆ ಬಂದ. ಕಾಳಗ ನಿಂತ ಮೇಲೆ ಊರಿಗೆ ಮರಳಿ, ನೀವು ಆರಿಸಿದವರೇ ನಿಮ್ಮ ಸಂವಿಧಾನ ಬರೆಯಲಿ ಎಂದು ಮಾತು ಕೊಟ್ಟ. ಆ ಮಾತು ನಡೆಯುವ ಮೊದಲೇ ಅವನು ತೀರಿಕೊಂಡ. ಮಗ ಪಟ್ಟಕ್ಕೆ ಬಂದು, ವರ್ಷಗಳು ಕಳೆದ ಮೇಲೆ, ಸಂವಿಧಾನವನ್ನು ತಾನೇ ಕೊಟ್ಟ. ಚುನಾವಣೆ ಆಯಿತು. ಗುಡ್ಡಗಾಡಿನ ಜನ ಹುಟ್ಟಿದ ಮೇಲೆ ಮೊದಲ ಸಲ ವೋಟು ಹಾಕಿದರು. ಕಾಠ್ಮಂಡುವಿನಲ್ಲಿ ಸಂಸತ್ತು ಸೇರಿತು. ಆ ಸದನದೊಳಗೆ ಸದಸ್ಯರಿಗೆ ಚೀಟಿ, ಕಾಗದಪತ್ರ ಮುಟ್ಟಿಸುವ ಸೇವಕನ ಕೆಲಸ ಇಪ್ಪತ್ತೆರಡರ ಟೀಕಾರಾಮರಿಗೆ ಸಿಕ್ಕಿತು.

"ಪಶ್ಚಿಮದ ಗುಡ್ಡದಿಂದ ಒಬ್ಬ ಸದಸ್ಯ ಎಷ್ಟೋ ದಿನ ನಡೆದು ಬಂದಿದ್ದ. ಕಾಲೆಲ್ಲ ಬೊಬ್ಬೆ. ನನ್ನ ಹಳ್ಳಿಯ ಹೊಳೆಗೆ ಸೇತುವೆ ಯಾವಾಗ ಅಂತ ಕೇಳಿದ. ಮಂತ್ರಿ ಎದ್ದು ನಿಂತು ಉತ್ತರ ಕೊಟ್ಟ. ದೀದಿ, ನಮ್ಮಪ್ಪ ರಾಣಾಗಳ ಎದುರು ತಲೆ ಎತ್ತಿ ನಿಂತವನಲ್ಲ. ನಾನು ಮಂತ್ರಿ ಎದ್ದು ನಿಲ್ಲೋದನ್ನ ಕಣ್ಣಾರೆ ಕಂಡೆ."

"ಸೇತುವೆ ಆಯ್ತಾ?"

"ಎಲ್ಲಿಂದ? ಒಂದೂವರೆ ವರ್ಷಕ್ಕೆ ಸಂಸತ್ತೇ ಹೋಯ್ತು. ರಾಜ ಪ್ರಧಾನಿಯನ್ನ ಹಿಡಿದು ಒಳಗೆ ಹಾಕಿದ. ಮರುದಿನ ನಾನು ಕೆಲಸಕ್ಕೆ ಹೋದರೆ ಬಾಗಿಲಲ್ಲಿ ಸಿಪಾಯಿಗಳು."

ಯಾವ ಸದಸ್ಯ ಯಾರಿಗೆ ಚೀಟಿ ಕಳಿಸುತ್ತಿದ್ದ ಎಂದು ಪೊಲೀಸರು ಅವರನ್ನು ಎರಡು ಸಲ ಕರೆಸಿ ಕೇಳಿದರು. ಮೂರನೆಯ ಸಲ ಕರೆ ಬಂದಾಗ ಅವರು ಹೆಂಡತಿಯನ್ನು ತವರಿಗೆ ಬಿಟ್ಟು ಗಡಿ ದಾಟಿದರು. ಆಮೇಲೆ ಮುಂಬಯಿ, ಒಂದಲ್ಲ ಒಂದು ಕಟ್ಟಡದ ಗೇಟು. ಮತ್ತೆ ಹೋಗಲು ಧೈರ್ಯ ಬಂದಿರಲಿಲ್ಲ.

ನಾನು ಒಂಟಿ ಎಂದುಕೊಂಡಿದ್ದವಳು. ಗದಗಿಗೆ ನನಗೆ ಒಂದು ರಾತ್ರಿಯ ರೈಲು, ಮರುದಿನದ ಬಸ್ಸು. ಮನಸ್ಸು ಮಾಡಿದರೆ ಹೊರಟುಬಿಡಬಹುದು. ಅವರಿಗೆ ಹಾಗಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನೀರಿನ ತೊಂದರೆ ಶುರುವಾಯಿತು. ಸೊಸೈಟಿಯ ಚೇರ್ಮನ್ ಮನೆ ಮನೆಗೆ ನೋಟೀಸು ಕಳಿಸಿದರು: ಹೊರಗಿನವರಿಂದ ನೀರು ಸಾಲುತ್ತಿಲ್ಲ, ಪೇಯಿಂಗ್ ಗೆಸ್ಟ್‌ಗಳು ತಿಂಗಳೊಳಗೆ ಬಿಡಬೇಕು. ಇಡೀ ಕಟ್ಟಡದಲ್ಲಿ ಅಂಥವಳು ನಾನೊಬ್ಬಳೇ. ಒಂಟಿ ಹೆಣ್ಣಿಗೆ ಕೋಣೆ ಕೊಡುವವರು ಅಂದಿನ ಮುಂಬಯಿಯಲ್ಲಿ ವಿರಳ. ಕೋಣೆ ಹೋದರೆ ಕೆಲಸ ಬಿಟ್ಟು ಊರಿಗೇ ಹೋಗಬೇಕು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಟೀಕಾ ಭಯ್ಯಾ ನೋಟೀಸು ಓದಿಸಿಕೊಂಡು ಕೇಳಿದರು. "ಸೊಸೈಟಿಯ ಸಭೆ ಯಾವಾಗ?"

"ಭಾನುವಾರ. ನಾನು ಮೆಂಬರ್ ಅಲ್ಲ. ನನಗೆ ಬಾಯಿ ತೆರೆಯೋ ಹಕ್ಕಿಲ್ಲ."

"ಕಾಮತ್ ಬಾಯಿಗೆ ಇದೆಯಲ್ಲ? ಸದನದೊಳಗೆ ಬರೋಕಾಗದವರು ಸದಸ್ಯರ ಕೈಯಲ್ಲಿ ಪ್ರಶ್ನೆ ಕಳಿಸ್ತಿದ್ರು. ಅಳಬೇಡಿ, ಪ್ರಶ್ನೆ ಬರೆಯಿರಿ. ಚಿಕ್ಕದಾಗಿರಲಿ. ಇದು ಯಾವ ನಿಯಮದಲ್ಲಿದೆ, ಸದಸ್ಯರು ಯಾವತ್ತು ಕೈ ಎತ್ತಿ ಒಪ್ಪಿದ್ರು, ಇಷ್ಟೇ ಕೇಳಿಸಿ."

ಕಾಮತ್ ಬಾಯಿಗೆ ಹಿಂದಿ ಓದಲು ಬರುತ್ತಿರಲಿಲ್ಲ. ಹಾಗಾಗಿ ಹಿಂದಿಯ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ.

"ಬಾಯಾರ, ನಿಮಗ ತ್ರಾಸ ಆಗತೈತೇನ್ರಿ?" ಎಂದೆ.

"ತ್ರಾಸ ಎಂತದು? ನನ್ನ ಮನೆಯಲ್ಲಿ ಯಾರಿರಬೇಕು ಅಂತ ಹೇಳಲಿಕ್ಕೆ ಅವನು ಯಾರು?" ಎಂದು ಅವರು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಭಾನುವಾರ ಬೆಳಿಗ್ಗೆ ಕಂಪೌಂಡಿನಲ್ಲಿ ಕುರ್ಚಿ ಹಾಕಿ ಸಭೆ. ನಾನು ಮೆಟ್ಟಿಲ ಬಳಿ ನಿಂತಿದ್ದೆ. ಕಾಮತ್ ಬಾಯಿ ಎದ್ದು ಚೀಟಿ ಓದಿದರು. ಚೇರ್ಮನ್ ನಿಯಮದ ಪುಸ್ತಕ ತಿರುವಿಹಾಕಿದರು. ಅದರಲ್ಲಿ ಅಂಥದೇನೂ ಇರಲಿಲ್ಲ. ಹಿಂದಿನ ಸಾಲಿನ ಒಬ್ಬ ಹಿರಿಯರು, "ಹಾಗಾದರೆ ಮತಕ್ಕೆ ಹಾಕಿ," ಎಂದರು. ಕೈ ಎತ್ತಿಸಿದರು. ನನ್ನನ್ನು ಕಳಿಸಬೇಕು ಎಂದವರಿಗಿಂತ ಇರಲಿ ಎಂದವರು ಮೂವರು ಹೆಚ್ಚು.

ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಚೇರ್ಮನ್ ನನ್ನ ಕಡೆ ತಿರುಗಿ, "ಯೇ ಸಬ್ ಕಿಸನೇ ಸಿಖಾಯಾ?" ಎಂದರು. ಇದನ್ನೆಲ್ಲ ಕಲಿಸಿದ್ದು ಯಾರು? ನನ್ನ ಕಣ್ಣು ತಾನಾಗಿ ಗೇಟಿನ ಕಡೆ ಹೋಯಿತು. ಅವರಿಗೆ ಗೊತ್ತಾಯಿತು. "ಏ ಬಹಾದೂರ್, ನಿನ್ನ ಕೆಲಸ ಗೇಟು ನೋಡೋದು. ಕಾನೂನು ಹೇಳೋದಲ್ಲ. ಇನ್ನೊಂದು ಸಲ ಹೀಗಾದರೆ ಹೊರಗೆ." ನಾಲ್ಕು ಜನ ನಕ್ಕರು. ಟೀಕಾ ಭಯ್ಯಾ ತಲೆ ತಗ್ಗಿಸಿ "ಜೀ ಸಾಬ್" ಎಂದರು.

ಆಗಷ್ಟೇ ಉಳಿದ ಕೋಣೆ ಮತ್ತೆ ಹೋದೀತೆಂಬ ಹೆದರಿಕೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ.

ಸಂಜೆ ಹೋಗಿ ಕ್ಷಮೆ ಕೇಳಿದೆ. ಅವರು ಸ್ಟೂಲ್ ಒರೆಸುತ್ತಿದ್ದರು. "ಸಂಸತ್ತು ಮುಚ್ಚಿದ ದಿನ ಆ ಬಾಗಿಲಲ್ಲಿ ನಾವು ಬಹಳ ಜನ ಸೇರಿದ್ದೆವು ದೀದಿ. ಗುಮಾಸ್ತರು, ಸೇವಕರು, ಒಬ್ಬಿಬ್ಬರು ಸದಸ್ಯರು. ಸಿಪಾಯಿಗಳು ಹೋಗಿ ಅಂದರು. ಹೋದೆವು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ," ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ಚುಚ್ಚಲು ಹೇಳಿದರೋ, ತಿಳಿಯಲಿಲ್ಲ. ಆಮೇಲೆ ನಮ್ಮ ಮಾತು ಕಡಿಮೆಯಾಯಿತು. ನಾನು ಮೆಟ್ಟಿಲು ಬಿಟ್ಟು ಕೋಣೆಯಲ್ಲೇ ಉಣ್ಣತೊಡಗಿದೆ. ಮುಂಬಯಿಯ ದಿನಗಳಲ್ಲಿ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಇದ್ದದ್ದಿಲ್ಲ.

ಎಪ್ಪತ್ತೊಂಬತ್ತರ ಮೇ ತಿಂಗಳ ಕೊನೆ. ಟೀಕಾ ಭಯ್ಯಾ ಬಾಗಿಲಿಗೇ ಬಂದು ನನ್ನನ್ನು ಕರೆದರು. ರೇಡಿಯೋ ಕೇಳಿ ಬಂದಿದ್ದರು. ಮೂರನೆಯ ತಲೆಮಾರಿನ ರಾಜ, ಪಕ್ಷಗಳಿರುವ ಸಂಸತ್ತು ಬೇಕೋ, ಪಕ್ಷಗಳೇ ಇಲ್ಲದ ಈಗಿನ ಪಂಚಾಯತಿ ಪದ್ಧತಿಯೇ ಸಾಕೋ ಎಂದು ಜನರನ್ನೇ ಕೇಳುತ್ತಾನಂತೆ. ವೋಟು ಹಾಕಿಸುತ್ತಾನಂತೆ.

"ನಾನು ಹೊರಟೆ," ಎಂದರು. ಮುಖ ಕೆಂಪಾಗಿತ್ತು. "ಒಂದು ವೋಟು ದೀದಿ. ಅವತ್ತು ಬಾಗಿಲಲ್ಲಿ ಕೇಳದೆ ಬಂದದ್ದಕ್ಕೆ."

ವಿ.ಟಿ. ಸ್ಟೇಷನ್ನಿಗೆ ನಾನೊಬ್ಬಳೇ ಹೋಗಿ ಬೀಳ್ಕೊಟ್ಟೆ. ಜನರಲ್ ಡಬ್ಬಿಯ ನೂಕುನುಗ್ಗಲಿನಲ್ಲಿ ಅವರ ಟೊಪ್ಪಿಗೆ ಸ್ವಲ್ಪ ಹೊತ್ತು ಕಂಡಿತು. ಗೇಟಿಗೆ ಬೇರೊಬ್ಬ ನೇಪಾಳಿ ಬಂದ. ಅವನನ್ನೂ ಬಹಾದೂರ್ ಎಂದೇ ಕರೆದರು.

ಆರು ತಿಂಗಳಿಗೆ ಕಾಗದ ಬಂತು. ಹೆಂಡತಿ ಬಾಗಿಲಲ್ಲಿ ನಿಂತು ಯಾರು ಬೇಕು ಎಂದು ಕೇಳಿದಳಂತೆ. ಊರವರು ಅವರನ್ನು ‘ಬಂಬಯಿಯವನು’ ಎನ್ನುತ್ತಾರಂತೆ. ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದರೆ, ಇಷ್ಟು ವರ್ಷ ಎಲ್ಲಿದ್ದೆ, ನೀನೇ ಅವನೆಂದು ಹೇಳುವವರು ಯಾರು ಎಂದು ಅಧಿಕಾರಿ ಕೇಳಿದನಂತೆ. ‘ನಾನು ಅಲ್ಲಿದ್ದೆನೆಂದು ಆ ಊರಿನ ನಿವಾಸಿಗಳು ಯಾರಾದರೂ ಬರೆದುಕೊಟ್ಟರೆ ಉಪಕಾರ,’ ಎಂದು ಮುಗಿಸಿದ್ದರು.

ನಾನು ಹಿಂದಿಯಲ್ಲಿ ಪತ್ರ ಬರೆದು ನೇರ ಚೇರ್ಮನ್‌ರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಓದಿದರು. "ಟೀಕಾರಾಮ್ ಕೌನ್?"

"ನಮ್ಮ ಗೇಟಿನಲ್ಲಿ ಎಂಟು ವರ್ಷ ಇದ್ದವರು. ನೀವು ಬಹಾದೂರ್ ಅಂತಿದ್ದಿರಿ. ಅವರ ಹೆಸರು ಟೀಕಾರಾಮ್. ನನ್ನ ಪರವಾಗಿ ಪ್ರಶ್ನೆ ಬರೆಸಿದ್ದೂ ಅವರೇ. ಅವತ್ತು ನಾನು ಹೇಳಬೇಕಿತ್ತು. ಹೇಳಲಿಲ್ಲ."

ಅವರು ಒಳಗೆ ಹೋಗಿ ಸೊಸೈಟಿಯ ಮುದ್ರೆ ತಂದು ಒತ್ತಿ, ಸಹಿ ಹಾಕಿದರು. "ವೋಟು ಹಾಕೋಕೆ ಅಷ್ಟು ದೂರ ಹೋದನಾ?" ಎಂದಷ್ಟೇ ಕೇಳಿದರು.

ಇನ್ನು ನನ್ನ ಸಹಿ. ಈ ಮೂರು ವರ್ಷ ಯಾವ ಅರ್ಜಿಗೂ ನಾನು ‘ಖಾಯಂ ವಿಳಾಸ: ಗದಗ’ ಎಂದೇ ಬರೆದವಳು. ಹಾಗೆ ಬರೆದರೆ ಟೀಕಾ ಭಯ್ಯಾರಿಗೆ ಈ ಪತ್ರದಿಂದ ಉಪಯೋಗವಿರಲಿಲ್ಲ. ‘ಸಾಂತಾಕ್ರೂಜ್ ನಿವಾಸಿ’ ಎಂದು ಬರೆದು ಹೆಸರು ಹಾಕಿದೆ.

ಅಂಚೆಗೆ ಹಾಕಿ ಬಂದು, ಅವ್ವನಿಗೆ ವಾರದ ಕಾರ್ಡು ಬರೆಯಲು ಕೂತೆ. ಆರೋಗ್ಯ ಬರೆದೆ, ರಜೆ ಬರೆದೆ, ಕಾಮತ್ ಬಾಯಿಯ ಮಂಡಿನೋವು ಬರೆದೆ. ನಾನು ಎಲ್ಲಿಯವಳೆಂದು ಸಹಿ ಹಾಕಿ ಬಂದೆನೆಂಬುದನ್ನು ಮಾತ್ರ ಬರೆಯಲಾಗಲಿಲ್ಲ.